ಆರನೆಯ ಸಲ ಕಡಲು ದಾಟಿದ ಭಿಕ್ಷು

ಕ್ರಿ.ಶ. 742. ಚೀನಾದ ಯಾಂಗ್‌ಜೌ ನಗರದ ದಾಮಿಂಗ್ ವಿಹಾರದಲ್ಲಿ ವಿನಯಪಿಟಕದ ಪಾಠ ನಡೆದಿತ್ತು. ಪಾಠ ಹೇಳುತ್ತಿದ್ದವರು ಆಚಾರ್ಯ ಜಿಯಾನ್‌ಜೆನ್. ವಯಸ್ಸು 55ರ ಆಸುಪಾಸು. ಜಪಾನಿನಿಂದ ಬಂದಿದ್ದ ಯೋಯೆಯಿ ಮತ್ತು ಫುಶೋ ಎಂಬ ಇಬ್ಬರು ಭಿಕ್ಷುಗಳು ಅವರ ಪಾದಕ್ಕೆರಗಿ ತಮ್ಮ ಕೋರಿಕೆಯನ್ನು ಮುಂದಿಟ್ಟರು. ಬುದ್ಧನ ಧರ್ಮವೇನೋ ತಮ್ಮ ನಾಡಿಗೆ ಬಂದಿದೆ, ಆದರೆ ಅದನ್ನು ಕ್ರಮವರಿತು ಕಲಿಸುವವರಿಲ್ಲ, ದೀಕ್ಷೆ ಕೊಡುವ ಅಧಿಕಾರವುಳ್ಳವರಿಲ್ಲ, ಆಚಾರ್ಯರು ಬಂದು ದಾರಿ ತೋರಬೇಕು ಎಂದು ಬೇಡಿಕೊಂಡರು.

ಜಿಯಾನ್‌ಜೆನ್ ಶಿಷ್ಯರತ್ತ ತಿರುಗಿ, ಯಾರು ಹೋಗಲು ಸಿದ್ಧ ಎಂದು ಕೇಳಿದರು. ಸಭೆಯಲ್ಲಿ ಉಸಿರೆತ್ತಿದವರಿಲ್ಲ. ಕೊನೆಗೆ ಶಿಯಾಂಗ್‌ಯಾನ್ ಎಂಬ ಶಿಷ್ಯ ಎಲ್ಲರ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದರು: ಆ ನಾಡು ಬಹು ದೂರ, ನಡುವೆ ಕಡಲು, ನೂರು ಜನ ಹೊರಟರೆ ಒಬ್ಬರು ತಲುಪುವುದೂ ಕಷ್ಟ. ಆಚಾರ್ಯರು ಹೆಚ್ಚು ಮಾತು ಬೆಳೆಸಲಿಲ್ಲ. ಇದು ಧರ್ಮದ ಕೆಲಸ, ಜೀವದ ಲೆಕ್ಕ ಹಾಕುತ್ತ ಕೂರುವಂಥದ್ದಲ್ಲ, ನೀವು ಯಾರೂ ಹೋಗದಿದ್ದರೆ ನಾನೇ ಹೋಗುತ್ತೇನೆ ಎಂದರು. ಆ ಮಾತು ಕೇಳಿದ ಮೇಲೆ ಶಿಯಾಂಗ್‌ಯಾನ್ ಸೇರಿ 21 ಶಿಷ್ಯರು ಗುರುವಿನ ಹಿಂದೆ ನಿಂತರು.

ಚೀನಾದ ಭಿಕ್ಷು ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಹ್ಯೂಯೆನ್ ತ್ಸಾಂಗ್. ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು, ಅಲ್ಲಿನ ಜನರ ಧೀರ ಸ್ವಭಾವವನ್ನು ಬರೆದಿಟ್ಟ ಯಾತ್ರಿಕ ಆತ. ಫಾಹಿಯಾನ್, ಇತ್ಸಿಂಗ್ ಅವರ ಹೆಸರುಗಳನ್ನೂ ಶಾಲೆಯ ಪುಸ್ತಕಗಳಲ್ಲಿ ಓದಿದ್ದೇವೆ. ಈ ಮೂವರೂ ಬಂದದ್ದು ಕಲಿಯಲು, ಗ್ರಂಥಗಳನ್ನು ಸಂಗ್ರಹಿಸಿ ತಮ್ಮ ದೇಶಕ್ಕೆ ಒಯ್ಯಲು. ಜಿಯಾನ್‌ಜೆನ್ ಹೊರಟದ್ದು ಕೊಡಲು. ಅವರು ಕೊಡಬೇಕಾಗಿದ್ದುದು ಗ್ರಂಥವೊಂದೇ ಆಗಿದ್ದರೆ ಯಾವುದಾದರೂ ಹಡಗಿನಲ್ಲಿ ಪೆಟ್ಟಿಗೆ ತುಂಬಿ ಕಳಿಸಬಹುದಿತ್ತು. ಬೌದ್ಧ ಸಂಘದ ದೀಕ್ಷೆಯನ್ನು ಹಾಗೆ ಕಳಿಸುವಂತಿಲ್ಲ. ಅದನ್ನು ಪಡೆದವರು ಇನ್ನೊಬ್ಬರ ಎದುರು ಕುಳಿತೇ ಕೊಡಬೇಕು. ಜಿಯಾನ್‌ಜೆನ್ ಅವರ ಬದುಕಿನ ಮುಂದಿನ ಹನ್ನೆರಡು ವರ್ಷಗಳ ಪಾಡೆಲ್ಲ ಈ ಒಂದು ನಿಯಮದಿಂದ ಬಂದದ್ದು.

ಹತ್ತು ಜನ ಬೇಕು

ಬೌದ್ಧ ವಿನಯದ ಪ್ರಕಾರ ಶ್ರಾಮಣೇರನೊಬ್ಬ ಪೂರ್ಣ ಭಿಕ್ಷುವಾಗುವುದು ಉಪಸಂಪದೆಯಿಂದ. ಅದಕ್ಕೆ ಹತ್ತು ಮಂದಿ ಅರ್ಹ ಭಿಕ್ಷುಗಳು ಸೇರಬೇಕು: ಮೂವರು ಗುರುಗಳು, ಏಳು ಜನ ಸಾಕ್ಷಿಗಳು. ಗಂಗಾ ಬಯಲಿನ ಮಧ್ಯದೇಶದಲ್ಲಿ ಹತ್ತು ಜನ, ಗಡಿನಾಡುಗಳಲ್ಲಿ ಭಿಕ್ಷುಗಳು ವಿರಳವಾದ್ದರಿಂದ ಐವರು ಸಾಕು ಎಂಬ ಸಡಿಲಿಕೆ ಬುದ್ಧನ ಕಾಲದಿಂದಲೂ ಇತ್ತು. ಆ ಐವರೂ ಸರಿಯಾದ ಕ್ರಮದಲ್ಲಿ ದೀಕ್ಷೆ ಪಡೆದವರೇ ಆಗಿರಬೇಕು. ಸರಪಳಿಯ ಒಂದು ಕೊಂಡಿ ತಪ್ಪಿದರೂ ಮುಂದಿನದೆಲ್ಲ ಅಮಾನ್ಯ.

ಜಪಾನಿನಲ್ಲಿ ಈ ಸರಪಳಿಯೇ ಇರಲಿಲ್ಲ. ಕೊರಿಯಾದ ಬೇಕ್ಜೆ ರಾಜ್ಯದ ಮೂಲಕ ಆರನೆಯ ಶತಮಾನದಲ್ಲಿ ಬೌದ್ಧ ಧರ್ಮ ಅಲ್ಲಿಗೆ ಬಂದಿತ್ತು. 710ರಲ್ಲಿ ನಾರಾ ರಾಜಧಾನಿಯಾದ ಮೇಲೆ ವಿಹಾರಗಳು ಹೆಚ್ಚಿದವು. 735ರಿಂದ 737ರವರೆಗೆ ಸಿಡುಬು ಹಬ್ಬಿ ಅಪಾರ ಜನ ಸತ್ತರು, ಆಸ್ಥಾನದ ದೊಡ್ಡ ದೊಡ್ಡ ಮನೆತನಗಳೂ ತತ್ತರಿಸಿದವು. ಚಕ್ರವರ್ತಿ ಶೋಮು ಬುದ್ಧನ ಮೊರೆಹೊಕ್ಕ. ಪ್ರಾಂತ್ಯಕ್ಕೊಂದು ವಿಹಾರ ಕಟ್ಟಬೇಕೆಂದು 741ರಲ್ಲಿ ಆಜ್ಞೆ ಹೊರಡಿಸಿದ. ಎರಡು ವರ್ಷದ ನಂತರ ಭಾರಿ ಕಂಚಿನ ಬುದ್ಧಮೂರ್ತಿಯ ಸಂಕಲ್ಪ ಮಾಡಿದ.

ಇಷ್ಟೆಲ್ಲ ನಡೆಯುತ್ತಿದ್ದರೂ ಭಿಕ್ಷು ಯಾರು, ಅಲ್ಲದವರು ಯಾರು ಎಂಬುದನ್ನು ನಿಶ್ಚಯಿಸುವ ಬಗೆ ಸರ್ಕಾರಕ್ಕೆ ಹೊಳೆಯಲಿಲ್ಲ. ಭಿಕ್ಷುಗಳಿಗೆ ತೆರಿಗೆ ಇಲ್ಲ, ಬಿಟ್ಟಿ ದುಡಿಮೆ ಇಲ್ಲ. ತೆರಿಗೆಯ ಭಾರ ತಾಳಲಾರದ ರೈತರು ತಾವೇ ತಲೆ ಬೋಳಿಸಿಕೊಂಡು ಕಾವಿ ತೊಟ್ಟು ಹೊರಟುಬಿಡುತ್ತಿದ್ದರು. ಬುದ್ಧನ ಮೂರ್ತಿಯ ಎದುರು ನಿಂತು ತಮಗೆ ತಾವೇ ಪ್ರತಿಜ್ಞೆ ಮಾಡಿಕೊಂಡರೆ ಸಾಕು, ದೀಕ್ಷೆಯಾಯಿತು ಎಂಬ ಪದ್ಧತಿ ಬೆಳೆದಿತ್ತು. ಧರ್ಮನಿಷ್ಠರಿಗೆ ಇದು ನೋವು, ಸರ್ಕಾರಕ್ಕೆ ನಷ್ಟ. ಎರಡಕ್ಕೂ ಪರಿಹಾರ ಒಂದೇ ಆಗಿತ್ತು: ಚೀನಾದಿಂದ ವಿನಯಾಚಾರ್ಯರನ್ನು, ಅವರ ಜೊತೆ ಬೇಕಾದಷ್ಟು ಭಿಕ್ಷುಗಳನ್ನು ಕರೆತರುವುದು.

ಯೋಯೆಯಿ ಮತ್ತು ಫುಶೋ 733ರ ರಾಯಭಾರಿಗಳ ಹಡಗಿನಲ್ಲಿ ಹೊರಟದ್ದು ಈ ಕೆಲಸಕ್ಕೇ. ಅವರ ಆಹ್ವಾನಕ್ಕೆ ಒಪ್ಪಿ ದೋಸೆನ್ ಎಂದು ಜಪಾನಿನಲ್ಲಿ ಹೆಸರಾದ ಚೀನೀ ಭಿಕ್ಷು 736ರಲ್ಲಿ ನಾರಾಕ್ಕೆ ಹೋದರು. ಅದೇ ಹಡಗಿನಲ್ಲಿ ಭಾರತದ ಬ್ರಾಹ್ಮಣ ಕುಲದ ಭಿಕ್ಷು ಬೋಧಿಸೇನರೂ ಇದ್ದರು. ಆದರೆ ಹತ್ತು ಜನರ ಸಂಘ ಕೂಡಲಿಲ್ಲ. ಇಬ್ಬರು ಜಪಾನೀಯರು ಚೀನಾದಲ್ಲೇ ಉಳಿದು ಹುಡುಕಾಟ ಮುಂದುವರಿಸಿದರು. ತಾಯ್ನಾಡು ಬಿಟ್ಟ ಒಂಬತ್ತು ವರ್ಷಗಳ ನಂತರ ಆ ಹುಡುಕಾಟ ಅವರನ್ನು ಯಾಂಗ್‌ಜೌಗೆ ತಂದಿತ್ತು.

ಯಾಂಗ್‌ಜೌನ ಆಚಾರ್ಯ

ಜಿಯಾನ್‌ಜೆನ್ ಹುಟ್ಟಿದ್ದು 688ರಲ್ಲಿ, ಅದೇ ಯಾಂಗ್‌ಜೌನಲ್ಲಿ. ಮಹಾ ಕಾಲುವೆ ಯಾಂಗ್‌ಟ್ಸೆ ನದಿಯನ್ನು ಕೂಡುವ ಜಾಗ ಅದು. ದಕ್ಷಿಣದ ಅಕ್ಕಿ ಮತ್ತು ಉಪ್ಪು ಉತ್ತರದ ರಾಜಧಾನಿಗೆ ಹೋಗುತ್ತಿದ್ದುದು ಅಲ್ಲಿಂದಲೇ. ಅರಬ್ಬರು, ಪರ್ಷಿಯನ್ನರು ಅಂಗಡಿ ಹೂಡಿದ್ದ ಊರು. ತಂದೆ ಬುದ್ಧನ ಉಪಾಸಕ. ಹುಡುಗ ತಂದೆಯ ಜೊತೆ ವಿಹಾರಕ್ಕೆ ಹೋದವನು ಅಲ್ಲಿನ ಮೂರ್ತಿಯನ್ನು ಕಂಡು ಮನಸೋತು, ಹದಿನಾಲ್ಕರ ವಯಸ್ಸಿಗೆ ಶ್ರಾಮಣೇರನಾದ. ಮುಂದೆ ಲುವೊಯಾಂಗ್ ಮತ್ತು ಚಾಂಗ್‌ಆನ್ ಎಂಬ ಎರಡು ರಾಜಧಾನಿಗಳಲ್ಲಿ ಓದಿ, 708ರಲ್ಲಿ ಚಾಂಗ್‌ಆನ್‌ನಲ್ಲಿ ಉಪಸಂಪದೆ ಪಡೆದರು.

ಅವರು ಆರಿಸಿಕೊಂಡದ್ದು ವಿನಯ, ಅಂದರೆ ಸಂಘದ ನಡೆನುಡಿಯ ಶಾಸ್ತ್ರ. ಭಾರತದ ಧರ್ಮಗುಪ್ತಕ ಪಂಥದ ವಿನಯಪಿಟಕ ಐದನೆಯ ಶತಮಾನದ ಆರಂಭದಲ್ಲಿ ಚೀನೀ ಭಾಷೆಗೆ ಬಂದಿತ್ತು. ಭಿಕ್ಷುಗಳಿಗೆ 250 ನಿಯಮ, ಭಿಕ್ಷುಣಿಯರಿಗೆ 348. ಹೇಗೆ ಉಣ್ಣಬೇಕು, ಏನನ್ನು ಇಟ್ಟುಕೊಳ್ಳಬಹುದು, ತಪ್ಪು ಮಾಡಿದವನು ಯಾರೆದುರು ಒಪ್ಪಿಕೊಳ್ಳಬೇಕು ಎಂಬುದರಿಂದ ಹಿಡಿದು ಸಂಘದೊಳಗಿನ ಜಗಳ ತೀರಿಸುವವರೆಗೆ ಎಲ್ಲವೂ ಅದರಲ್ಲಿದೆ. ಧ್ಯಾನ, ದರ್ಶನಗಳ ಹೊಳಪು ಇದಕ್ಕಿಲ್ಲ. ಆದರೆ ಸಂಘ ತಲೆಮಾರಿನಿಂದ ತಲೆಮಾರಿಗೆ ಉಳಿದು ಬಂದದ್ದು ಇದರ ಬಲದಿಂದ.

ಯಾಂಗ್‌ಜೌಗೆ ಮರಳಿದ ಜಿಯಾನ್‌ಜೆನ್ ಮೂವತ್ತು ವರ್ಷ ಪಾಠ ಹೇಳಿದರು. ವಿಹಾರಗಳನ್ನು ಕಟ್ಟಿಸಿದರು, ಮೂರ್ತಿಗಳನ್ನು ಮಾಡಿಸಿದರು, ಇಡೀ ತ್ರಿಪಿಟಕವನ್ನು ಮೂರು ಸಲ ಪ್ರತಿ ಮಾಡಿಸಿದರು. ಬಡವರಿಗೂ ರೋಗಿಗಳಿಗೂ ಆಶ್ರಯ ತೆರೆದು, ಔಷಧ ಅರೆಯುವುದನ್ನೂ ಕಲಿತರು. ಅವರ ಕೈಯಲ್ಲಿ ದೀಕ್ಷೆ ಪಡೆದವರು 40,000ಕ್ಕೂ ಹೆಚ್ಚು ಎನ್ನುತ್ತದೆ ಜೀವನಚರಿತ್ರೆ. ಯಾಂಗ್‌ಟ್ಸೆ ಬಯಲಿನಲ್ಲಿ ಅವರಿಗೆ ಸಮನಾದ ವಿನಯಾಚಾರ್ಯರಿರಲಿಲ್ಲ. ಎಲ್ಲವೂ ನೆಲೆಗೊಂಡಿದ್ದ ಇಂಥ ಬದುಕನ್ನು ಬಿಟ್ಟು ಅವರು ಎದ್ದರು.

ಸಾಲು ಸೋಲುಗಳು

ಮೊದಲ ತೊಡಕು ಕಾನೂನಿನದು. ಚಕ್ರವರ್ತಿಯ ಅಪ್ಪಣೆಯಿಲ್ಲದೆ ಗಡಿ ದಾಟುವುದು ತಾಂಗ್ ಸಾಮ್ರಾಜ್ಯದಲ್ಲಿ ಅಪರಾಧ. ಆದ್ದರಿಂದ ತಿಯಾನ್‌ತಾಯ್ ಬೆಟ್ಟದ ವಿಹಾರಕ್ಕೆ ಕಾಣಿಕೆ ಒಯ್ಯುವ ನೆಪ ಹೇಳಿ 743ರ ವಸಂತದಲ್ಲಿ ಹಡಗು ಕಟ್ಟಿಸಿದರು. ಹೊರಡುವ ಮುನ್ನ ತಂಡದೊಳಗೇ ಜಗಳ ಹುಟ್ಟಿತು. ಕೊರಿಯಾದ ರುಹಾಯ್ ಎಂಬ ಭಿಕ್ಷುವಿಗೆ ಓದು ಸಾಲದು, ಅವನನ್ನು ಬಿಟ್ಟು ಹೋಗೋಣ ಎಂದು ಒಬ್ಬರು ಅಂದರು. ಸಿಟ್ಟಿಗೆದ್ದ ಆತ ನೇರ ಅಧಿಕಾರಿಗಳ ಬಳಿ ಹೋಗಿ, ಇವರು ಕಡಲ್ಗಳ್ಳರ ಜೊತೆ ಸೇರಿದ್ದಾರೆ ಎಂದು ದೂರು ಕೊಟ್ಟ. ಹಡಗು ಜಪ್ತಿಯಾಯಿತು, ಜಪಾನೀ ಭಿಕ್ಷುಗಳು ಕೆಲವು ತಿಂಗಳು ಸೆರೆಮನೆಯಲ್ಲಿ ಕೊಳೆತರು.

ಅದೇ ವರ್ಷದ ಕೊನೆಯಲ್ಲಿ ಜಿಯಾನ್‌ಜೆನ್ ಸೈನ್ಯದ ಹಳೆಯ ಹಡಗೊಂದನ್ನು 80 ಸರ ಕಾಸು ಕೊಟ್ಟು ಕೊಂಡರು. ಒಂದು ಸರ ಎಂದರೆ ಸಾವಿರ ಕಾಸು. ಅದರಲ್ಲಿ ಹೊರಟವರು 17 ಭಿಕ್ಷುಗಳು, ಜೊತೆಗೆ ಚಿತ್ರಕಾರರು, ಶಿಲ್ಪಿಗಳು, ಕಸೂತಿಯವರು, ಶಾಸನ ಕೊರೆಯುವವರು ಸೇರಿ 85 ಕುಶಲಕರ್ಮಿಗಳು. ಅಕ್ಕಿ, ಔಷಧ, ಗಂಧದ್ರವ್ಯಗಳನ್ನು ತುಂಬಿದ್ದರು. ಒಂದು ಇಡೀ ವಿಹಾರವನ್ನೇ ಆಚೆ ದಡದಲ್ಲಿ ಕಟ್ಟುವಷ್ಟು ಸಿದ್ಧತೆ ಅದು. ಯಾಂಗ್‌ಟ್ಸೆ ನದಿಯ ಮುಖ ದಾಟುವ ಮುಂಚೆಯೇ ಬಿರುಗಾಳಿ ಹಡಗನ್ನು ಒಡೆಯಿತು. ಚಳಿಗಾಲ, ಸೊಂಟದವರೆಗೆ ನೀರು. ದುರಸ್ತಿ ಮಾಡಿ ಮತ್ತೆ ಹೊರಟರೆ ಬಂಡೆಗೆ ಬಡಿದು ಹಡಗು ನುಚ್ಚುನೂರಾಯಿತು. ದ್ವೀಪವೊಂದರಲ್ಲಿ ಮೂರು ದಿನ ಕುಡಿಯುವ ನೀರಿಲ್ಲದೆ ಕಳೆದ ಮೇಲೆ ಬದುಕುಳಿದವರನ್ನು ಇಂದಿನ ನಿಂಗ್ಬೋ ಬಳಿಯ ಅಶೋಕ ವಿಹಾರಕ್ಕೆ ಸೇರಿಸಿದರು. ಚಕ್ರವರ್ತಿ ಅಶೋಕ ಕಟ್ಟಿಸಿದನೆಂದು ಹೇಳುವ 84,000 ಸ್ತೂಪಗಳಲ್ಲಿ ಒಂದು ತಮ್ಮಲ್ಲಿದೆ ಎಂಬುದು ಆ ವಿಹಾರದ ನಂಬಿಕೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ ಯಾರ ಹೆಸರು ಕೊರೆಯಲ್ಪಟ್ಟಿದೆಯೋ ಆ ಅಶೋಕನ ಹೆಸರಿನ ಚಾವಣಿಯಡಿ ಈ ಭಿಕ್ಷುಗಳು ಚೇತರಿಸಿಕೊಂಡರು.

ನಾಲ್ಕನೆಯ ಸಲ ಅಡ್ಡ ಬಂದದ್ದು ಪ್ರೀತಿ. 744ರಲ್ಲಿ ಫುಜೌ ಬಂದರಿನಿಂದ ಹೊರಡಲೆಂದು ಬೆಟ್ಟದ ದಾರಿ ಹಿಡಿದು ದಕ್ಷಿಣಕ್ಕೆ ನಡೆದಿದ್ದಾಗ, ಯಾಂಗ್‌ಜೌನಲ್ಲಿದ್ದ ಶಿಷ್ಯ ಲಿಂಗ್‌ಯೌ ಗುರು ಸಮುದ್ರದ ಪಾಲಾಗುತ್ತಾರೆಂದು ಹೆದರಿ, ಅವರನ್ನು ತಡೆಯಿರಿ ಎಂದು ಸರ್ಕಾರಕ್ಕೆ ಮೊರೆಯಿಟ್ಟರು. ಕಾವಲುಗಾರರು ದಾರಿಯಲ್ಲೇ ಹಿಡಿದು ಜಿಯಾನ್‌ಜೆನ್ ಅವರನ್ನು ಯಾಂಗ್‌ಜೌಗೆ ಮರಳಿ ತಂದರು. ಊರಿನವರೆಲ್ಲ ಸಂಭ್ರಮಿಸಿದರು. ಗುರು ಮಾತ್ರ ಶಿಷ್ಯನ ಮುಖ ನೋಡಲೊಲ್ಲರು. ಲಿಂಗ್‌ಯೌ 60 ರಾತ್ರಿ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಗುರುವಿನ ಬಾಗಿಲಲ್ಲಿ ನಿಂತು ಕ್ಷಮೆ ಬೇಡಿದರಂತೆ.

ದಕ್ಷಿಣಕ್ಕೆ ಕೊಂಡೊಯ್ದ ಗಾಳಿ

ಐದನೆಯ ಯತ್ನ 748ರದ್ದು. ಅಷ್ಟರಲ್ಲಿ ಜಿಯಾನ್‌ಜೆನ್ ಅವರಿಗೆ ಅರವತ್ತು ತುಂಬಿತ್ತು. ನಾವಿಕರೂ ಸೇರಿ 35 ಜನ ಹೊರಟರು. ಅನುಕೂಲದ ಗಾಳಿಗಾಗಿ ದ್ವೀಪಗಳಲ್ಲಿ ತಿಂಗಳುಗಟ್ಟಲೆ ಕಾದು ಕೊನೆಗೆ ತೆರೆದ ಕಡಲಿಗೆ ಇಳಿದಾಗ ಬಿರುಗಾಳಿ ಪೂರ್ವಕ್ಕೆ ಬಿಡದೆ ದಕ್ಷಿಣಕ್ಕೆ ತಳ್ಳಿತು. ಹಾವುಗಳು ತೇಲುವ ಕಡಲು, ಹಾರುವ ಮೀನುಗಳ ಕಡಲು, ಹಡಗಿನ ಮೇಲೆ ಹಿಂಡುಹಿಂಡಾಗಿ ಬಂದು ಕೂರುವ ಹಕ್ಕಿಗಳ ಕಡಲು ದಾಟಿದೆವು ಎಂದು ಬದುಕುಳಿದವರು ನೆನೆದರು. ಸಿಹಿನೀರು ಮುಗಿಯಿತು. ಎಲ್ಲರೂ ಮೇಲೇಳಲಾರದೆ ಮಲಗಿದ್ದಾಗ ಫುಶೋ ಒಬ್ಬರೇ ದಿನವೂ ಊಟದ ಹೊತ್ತಿಗೆ ಎದ್ದು ಭಿಕ್ಷುಗಳಿಗೆ ಹಸಿ ಅಕ್ಕಿಯನ್ನು ಸ್ವಲ್ಪ ಸ್ವಲ್ಪ ಹಂಚುತ್ತಿದ್ದರು. ಅದನ್ನು ಅಗಿದರೆ ಗಂಟಲಲ್ಲಿ ಇಳಿಯದು, ಉಗುಳಿದರೆ ಹೊರಬಾರದು. ಹದಿನಾಲ್ಕು ದಿನ ತೇಲಿ ದಡ ಮುಟ್ಟಿದ್ದು ಚೀನಾದ ದಕ್ಷಿಣ ತುದಿಯ ಹೈನಾನ್ ದ್ವೀಪವನ್ನು. ಜಪಾನಿಗೆ ಹೊರಟವರು ಬಹು ದೂರ ಎದುರು ದಿಕ್ಕಿನಲ್ಲಿದ್ದರು.

ಅಲ್ಲಿಂದ ಮನೆಗೆ ಮರಳುವ ದಾರಿ ಮೂರು ವರ್ಷದ್ದು. ಈ ಭಾಗದ ವಿವರಗಳು ಎಂಟನೆಯ ಶತಮಾನದ ದಕ್ಷಿಣ ಚೀನಾವನ್ನು ಕಣ್ಣೆದುರು ನಿಲ್ಲಿಸುತ್ತವೆ. ಹೈನಾನ್‌ನಲ್ಲಿ ಅವರು ಕಂಡದ್ದು ಅಡಿಕೆ, ಬಾಳೆ, ಲಿಚಿ. ಬೂದುಗುಂಬಳದಷ್ಟು ದಪ್ಪ ಕಾಯಿ ಬಿಡುವ ಮರವನ್ನೂ ಕಂಡರು. ಅದು ಹಲಸು ಎಂದು ಊಹಿಸುತ್ತಾರೆ. ವರ್ಷಕ್ಕೆ ಎರಡು ಬೆಳೆ ಭತ್ತ, ಎಂಟು ಬೆಳೆ ರೇಷ್ಮೆ. ಫೆಂಗ್ ರುವೊಫಾಂಗ್ ಎಂಬ ಅಲ್ಲಿನ ಪಾಳೆಯಗಾರ ವರ್ಷಕ್ಕೆ ಎರಡು ಮೂರು ಪರ್ಷಿಯನ್ ಹಡಗುಗಳನ್ನು ದೋಚಿ, ಅದರಲ್ಲಿದ್ದವರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ. ಆ ಗುಲಾಮರ ಹಳ್ಳಿಗಳು ಹಲವು ದಿನದ ನಡಿಗೆಯಷ್ಟು ಉದ್ದಕ್ಕೆ ಹಬ್ಬಿದ್ದವಂತೆ. ಅವನೂ ಭಿಕ್ಷುಗಳಿಗೆ ಊಟ ಹಾಕಿ ಸತ್ಕರಿಸಿದ. ಜಿಯಾನ್‌ಜೆನ್ ಹೋದಲ್ಲೆಲ್ಲ ಪಾಳುಬಿದ್ದ ವಿಹಾರಗಳನ್ನು ಎತ್ತಿ ಕಟ್ಟಿಸಿದರು, ದೀಕ್ಷೆ ಕೊಟ್ಟರು, ಪಾಠ ಹೇಳಿದರು. ದಾರಿ ತಪ್ಪಿದ್ದೇನೆ ಎಂದು ಅವರು ಕೈಕಟ್ಟಿ ಕೂತದ್ದು ಎಲ್ಲಿಯೂ ಕಾಣುವುದಿಲ್ಲ.

ಗುವಾಂಗ್‌ಜೌ ಬಂದರಿನಲ್ಲಿ ಅವರು ಭಾರತದ, ಪರ್ಷಿಯಾದ, ಆಗ್ನೇಯ ಏಷ್ಯಾದ ಲೆಕ್ಕವಿಲ್ಲದಷ್ಟು ಹಡಗುಗಳನ್ನು ನೋಡಿದರು. ಗಂಧದ್ರವ್ಯ, ಔಷಧ, ಮುತ್ತುರತ್ನಗಳ ರಾಶಿಗಳನ್ನು ಕಂಡರು. ಆ ಊರಿನಲ್ಲಿ ಬ್ರಾಹ್ಮಣರ ಮೂರು ದೇವಾಲಯಗಳಿದ್ದವು, ಭಾರತದಿಂದ ಬಂದವರು ಅಲ್ಲಿ ವಾಸವಾಗಿದ್ದರು, ಕೊಳದಲ್ಲಿ ನೀಲಿ ತಾವರೆ ಅರಳಿತ್ತು ಎಂದು ಜೀವನಚರಿತ್ರೆ ದಾಖಲಿಸಿದೆ. ಭಾರತದವರು ಚೀನಾದ ದಕ್ಷಿಣ ತೀರದಲ್ಲಿ ಗುಡಿ ಕಟ್ಟಿಕೊಂಡು ನೆಲೆಸಿದ್ದರೆಂಬುದಕ್ಕೆ ಇದು ಬೆಲೆಯುಳ್ಳ ಸಾಕ್ಷಿ.

ಆದರೆ ಈ ದಾರಿ ಒಬ್ಬೊಬ್ಬರನ್ನೇ ಕಸಿದುಕೊಂಡಿತು. ಗುವಾಂಗ್‌ಜೌ ತಲುಪುವ ಮೊದಲೇ ದುವಾನ್‌ಜೌನಲ್ಲಿ ಯೋಯೆಯಿ ಕಾಯಿಲೆ ಬಿದ್ದು ತೀರಿಕೊಂಡರು. ಸೆರೆಮನೆ ಕಂಡು, ಕೊರಳಿಗೆ ಮರದ ಹಲಗೆ ತೊಡಿಸಿಕೊಂಡು ನಡೆದು, ಮೂರು ಸಲ ಹಡಗು ಕಳೆದುಕೊಂಡರೂ ಹಟ ಬಿಡದವರು ಅವರು. ಸ್ವಂತ ನಾಡನ್ನು ಮತ್ತೆ ಕಾಣಲಿಲ್ಲ. ಶಾವ್‌ಜೌನಲ್ಲಿ ಫುಶೋ ಬೇರೆ ದಾರಿ ಹಿಡಿದರು. ಅವರ ಕೈ ಹಿಡಿದು ಜಿಯಾನ್‌ಜೆನ್ ಅತ್ತರು. ಬಿಸಿಲು ನಾಡಿನ ಧಗೆಗೆ ಆಚಾರ್ಯರ ಕಣ್ಣು ಮಂಜಾಗಿತ್ತು. ಕಣ್ಣಿನ ವೈದ್ಯನೆಂದು ಹೇಳಿಕೊಂಡ ವಿದೇಶೀಯನೊಬ್ಬ ಚಿಕಿತ್ಸೆ ಮಾಡಿದ ಮೇಲೆ ದೃಷ್ಟಿ ಹೋಯಿತು. ಉತ್ತರಕ್ಕೆ ಸಾಗುವಾಗ ಜಿಜೌ ಎಂಬಲ್ಲಿ ಶಿಯಾಂಗ್‌ಯಾನ್ ದೋಣಿಯಲ್ಲಿ ಕುಳಿತಂತೆಯೇ ಪ್ರಾಣ ಬಿಟ್ಟರು. ನೂರರಲ್ಲಿ ಒಬ್ಬರೂ ತಲುಪುವುದಿಲ್ಲ ಎಂದು ಮೊದಲ ದಿನ ಹೆದರಿ ನುಡಿದವರು, ಕೊನೆಯವರೆಗೂ ಜೊತೆ ಬಿಡದವರು ಅದೇ ಶಿಯಾಂಗ್‌ಯಾನ್. 751ರಲ್ಲಿ ಜಿಯಾನ್‌ಜೆನ್ ಯಾಂಗ್‌ಜೌಗೆ ಮರಳಿದಾಗ ಅವರ ಬಳಿ ಹಡಗಿರಲಿಲ್ಲ, ಕಣ್ಣಿರಲಿಲ್ಲ, ಹೊರಟಾಗ ಹೆಗಲೆಣೆಯಾಗಿದ್ದ ಇಬ್ಬರು ಇರಲಿಲ್ಲ.

ಆರನೆಯ ಪಯಣ

753ರಲ್ಲಿ ಜಪಾನಿನ ರಾಯಭಾರಿ ಫುಜಿವಾರಾ ನೊ ಕಿಯೊಕಾವಾ ಮರುಪ್ರಯಾಣಕ್ಕೆ ಸಿದ್ಧನಾಗುತ್ತ, ಜಿಯಾನ್‌ಜೆನ್ ಅವರನ್ನು ಕಳಿಸಿಕೊಡಿ ಎಂದು ಚಕ್ರವರ್ತಿ ಶುವಾನ್‌ಜೊಂಗ್‌ನನ್ನು ಕೇಳಿದ. ತಾಂಗ್ ಮನೆತನ ತಾನು ಲಾವೊತ್ಸೆಯ ವಂಶವೆಂದು ಹೇಳಿಕೊಳ್ಳುತ್ತಿತ್ತು. ಹಾಗಾದರೆ ದಾವೊ ಪಂಥದ ಪುರೋಹಿತರನ್ನೂ ಕರೆದೊಯ್ಯಿರಿ ಎಂದು ಚಕ್ರವರ್ತಿ ಪಟ್ಟು ಹಿಡಿದ. ಜಪಾನಿಗೆ ಅದು ಬೇಕಿರಲಿಲ್ಲ. ರಾಯಭಾರಿ ಕೋರಿಕೆಯನ್ನೇ ಹಿಂತೆಗೆದುಕೊಂಡು, ಬರುವುದು ಬಿಡುವುದು ನಿಮ್ಮ ಇಷ್ಟ ಎಂದು ಗುಟ್ಟಾಗಿ ಹೇಳಿ ಕಳಿಸಿದ.

ಯಾಂಗ್‌ಜೌನ ವಿಹಾರದ ಸುತ್ತ ಕಾವಲು ಬಿಗಿಯಾಗಿತ್ತು. ಹತ್ತನೆಯ ಚಾಂದ್ರಮಾಸದ ರಾತ್ರಿಯೊಂದರಲ್ಲಿ ಜಿಯಾನ್‌ಜೆನ್ ನದಿ ದಡಕ್ಕೆ ಇಳಿದರು. ಅಲ್ಲಿಗೆ 24 ಮಂದಿ ಶ್ರಾಮಣೇರರು ಓಡೋಡಿ ಬಂದು, ಇನ್ನು ನಿಮ್ಮನ್ನು ಕಾಣಲಾರೆವು, ದೀಕ್ಷೆ ಕೊಟ್ಟು ಹೋಗಿ ಎಂದು ಅತ್ತರು. ತಪ್ಪಿಸಿಕೊಂಡು ಹೊರಟಿದ್ದ ವೃದ್ಧ ಗುರು ದಡದಲ್ಲೇ ನಿಂತು ಅವರಿಗೆ ದೀಕ್ಷೆ ಕೊಟ್ಟು ದೋಣಿ ಹತ್ತಿದರು.

ಅವರ ಜೊತೆ ಹೊರಟದ್ದು 24 ಜನ. ಭಿಕ್ಷುಗಳು 14, ಭಿಕ್ಷುಣಿಯರು ಮೂವರು. ಉಳಿದವರಲ್ಲಿ ಮಧ್ಯ ಏಷ್ಯಾ ಮೂಲದ ರುಬಾವ್, ಚಂಪಾ ದೇಶದವನೊಬ್ಬ, ಆಗ್ನೇಯ ಏಷ್ಯಾದ ದ್ವೀಪಗಳ ಕಡೆಯವನೊಬ್ಬ ಇದ್ದರು. ಬಂದರಿನಲ್ಲಿ ಕೊನೆಯ ಗಳಿಗೆಯಲ್ಲಿ ರಾಯಭಾರಿ ಹೆದರಿ ಎಲ್ಲರನ್ನೂ ಹಡಗಿನಿಂದ ಇಳಿಸಿಬಿಟ್ಟ. ಉಪರಾಯಭಾರಿ ಓತೊಮೊ ನೊ ಕೊಮಾರೊ ಮೇಲಿನವನಿಗೆ ತಿಳಿಯದಂತೆ ಅವರನ್ನು ತನ್ನ ಹಡಗಿಗೆ ಹತ್ತಿಸಿಕೊಂಡ. ಫುಶೋ ಕೂಡ ಬಂದು ಕೂಡಿಕೊಂಡರು.

ಆ ಧೈರ್ಯ ಎಷ್ಟು ದೊಡ್ಡದೆಂಬುದು ಮುಂದೆ ತಿಳಿಯಿತು. ಓಕಿನಾವಾ ದಾಟಿದ ಮೇಲೆ ರಾಯಭಾರಿಯ ಹಡಗು ಗಾಳಿಗೆ ಸಿಕ್ಕಿ ವಿಯೆಟ್ನಾಂ ತೀರಕ್ಕೆ ಬಡಿಯಿತು, ಅದರಲ್ಲಿದ್ದ ಬಹುತೇಕರು ಸತ್ತರು. ಬದುಕುಳಿದ ಕಿಯೊಕಾವಾ ಮತ್ತೆಂದೂ ಜಪಾನ್ ಕಾಣಲಿಲ್ಲ. ಅದೇ ಹಡಗಿನಲ್ಲಿದ್ದ ಕವಿ ಆಬೆ ನೊ ನಾಕಾಮಾರೊ ಸತ್ತನೆಂದು ತಿಳಿದು ಗೆಳೆಯ ಲಿ ಬಾಯ್ ಶೋಕಗೀತೆ ಬರೆದ. ಜಿಯಾನ್‌ಜೆನ್ ಇದ್ದ ಹಡಗು ಹನ್ನೆರಡನೆಯ ತಿಂಗಳ 20ರಂದು ಕ್ಯೂಷು ದ್ವೀಪದ ದಕ್ಷಿಣದ ಅಕಿಮೆ ಎಂಬ ಪುಟ್ಟ ಮೀನುಗಾರರ ಹಳ್ಳಿಗೆ ಬಂದು ನಿಂತಿತು. ಆಚಾರ್ಯರಿಗೆ ಆಗ ಪೂರ್ವ ಏಷ್ಯಾದ ಎಣಿಕೆಯಂತೆ 66 ವರ್ಷ.

ನಾರಾದಲ್ಲಿ

754ರ ಎರಡನೆಯ ತಿಂಗಳು ಅವರು ನಾರಾ ಪ್ರವೇಶಿಸಿದರು. ತೋದಾಯ್‌ಜಿ ವಿಹಾರದ ಆಚಾರ್ಯ ರೋಬೆನ್ ಅವರನ್ನು ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನ ಬಳಿ ಕರೆದೊಯ್ದರು. ಎರಡು ವರ್ಷದ ಹಿಂದೆ, 752ರಲ್ಲಿ, ಆ ಮೂರ್ತಿಗೆ ಕುಂಚ ಹಿಡಿದು ಕಣ್ಣು ತೆರೆಸಿದ್ದವರು ಭಾರತದ ಬೋಧಿಸೇನರು. ಅವರೂ ದೋಸೆನ್‌ರೂ ಬಂದು ಹೊಸ ಅತಿಥಿಯನ್ನು ವಿಚಾರಿಸಿಕೊಂಡರು. ಧರ್ಮ ಹುಟ್ಟಿದ ನಾಡಿನವರು, ಅದನ್ನು ಬೆಳೆಸಿದ ನಾಡಿನವರು ಮೂರನೆಯ ನಾಡಿನಲ್ಲಿ ಒಂದೆಡೆ ಸೇರಿದ್ದರು.

ದೀಕ್ಷೆ ಕೊಡುವ ಪೂರ್ಣ ಅಧಿಕಾರವನ್ನು ಆಸ್ಥಾನ ಜಿಯಾನ್‌ಜೆನ್ ಅವರಿಗೆ ವಹಿಸಿತು. ನಾಲ್ಕನೆಯ ತಿಂಗಳು ಮಹಾಬುದ್ಧನ ಎದುರು ಮಣ್ಣಿನ ವೇದಿಕೆ ಎದ್ದಿತು. ಪಟ್ಟ ಬಿಟ್ಟಿದ್ದ ಶೋಮು, ಅವನ ರಾಣಿ ಕೋಮ್ಯೋ, ಆಳುತ್ತಿದ್ದ ಮಗಳು ಕೋಕೆನ್ ಬೋಧಿಸತ್ತ್ವ ಶೀಲವನ್ನು ಸ್ವೀಕರಿಸಿದರು. ಅವರ ನಂತರ 400ಕ್ಕೂ ಹೆಚ್ಚು ಶ್ರಾಮಣೇರರಿಗೆ ದೀಕ್ಷೆಯಾಯಿತು. ಅದೇ ವೇದಿಕೆಯ ಮಣ್ಣನ್ನು ಒಯ್ದು ಮರುವರ್ಷ ದೀಕ್ಷೆಗೆಂದೇ ಒಂದು ಮಂಟಪ ಕಟ್ಟಿದರು.

ಎಲ್ಲರೂ ಸಂತೋಷದಿಂದ ಒಪ್ಪಲಿಲ್ಲ. ದಶಕಗಳಿಂದ ಭಿಕ್ಷುಗಳಾಗಿ ಗೌರವ ಪಡೆದಿದ್ದ ಹಿರಿಯರಿಗೆ, ನಿಮ್ಮ ದೀಕ್ಷೆ ಸಲ್ಲದು, ಮತ್ತೊಮ್ಮೆ ಪಡೆಯಿರಿ ಎಂದರೆ ಹೇಗಾಗಬೇಡ? ಸ್ವಯಂ ಪ್ರತಿಜ್ಞೆಗೂ ಶಾಸ್ತ್ರದ ಆಧಾರವಿದೆ ಎಂದು ಅವರು ವಾದ ಹೂಡಿದರು. ವಾದಕ್ಕೆ ಎದ್ದು ನಿಂತವರು ಫುಶೋ. ಗುರುವನ್ನು ಕರೆತರುವುದಷ್ಟಕ್ಕೇ ಅವರ ಕೆಲಸ ಮುಗಿಯಲಿಲ್ಲ. ಕೊನೆಗೆ ಸುಮಾರು 80 ಹಿರಿಯ ಭಿಕ್ಷುಗಳು ಹಳೆಯ ದೀಕ್ಷೆಯನ್ನು ಬಿಟ್ಟು ಹೊಸದನ್ನು ಪಡೆದರು. 761ರ ಹೊತ್ತಿಗೆ ಪೂರ್ವದಲ್ಲೊಂದು, ಪಶ್ಚಿಮದಲ್ಲೊಂದು ದೀಕ್ಷಾವೇದಿಕೆ ಸ್ಥಾಪನೆಯಾಗಿ, ಇಡೀ ದೇಶಕ್ಕೆ ಮೂರು ಕೇಂದ್ರಗಳಾದವು.

ಕಣ್ಣು ಕಾಣದಿದ್ದರೂ ಅವರು ಮಾಡಿದ ಕೆಲಸ ಬೆರಗು ತರಿಸುತ್ತದೆ. ಜಪಾನಿನ ಸೂತ್ರಗ್ರಂಥಗಳನ್ನು ಓದಿಸಿ ಕೇಳಿ, ಪ್ರತಿಕಾರರ ತಪ್ಪುಗಳನ್ನು ನೆನಪಿನಿಂದಲೇ ತಿದ್ದಿದರು. ಔಷಧಗಳಲ್ಲಿ ಅಸಲಿ ಯಾವುದು ನಕಲಿ ಯಾವುದು ಎಂಬುದನ್ನು ಮೂಗಿನಿಂದ ಮೂಸಿಯೇ ಹೇಳುತ್ತಿದ್ದರೆಂದು ಆಸ್ಥಾನದ ಇತಿಹಾಸ ಬರೆದಿದೆ. ಅವರಿಗೆ ಪೂರ್ತಿ ದೃಷ್ಟಿ ಹೋಗಿತ್ತೇ, ಸ್ವಲ್ಪ ಉಳಿದಿತ್ತೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಇದೆ. ಕಡಿಮೆ ಕಂಡಿದ್ದರೂ ಈ ಕೆಲಸದ ತೂಕ ತಗ್ಗುವುದಿಲ್ಲ.

758ರಲ್ಲಿ ಆಸ್ಥಾನ ಅವರನ್ನು ಆಡಳಿತದ ಹೊರೆಯಿಂದ ಬಿಡಿಸಿತು. ರಾಜಕುಮಾರನೊಬ್ಬನ ಹಳೆಯ ನಿವೇಶನದಲ್ಲಿ 759ರಲ್ಲಿ ಅವರು ತೋಶೋದಾಯ್‌ಜಿ ವಿಹಾರವನ್ನು ಸ್ಥಾಪಿಸಿದರು. ಯಾವ ಕಡೆಯ ಭಿಕ್ಷು ಬಂದರೂ ವಿನಯ ಕಲಿಯಲು ತೆರೆದಿದ್ದ ಜಾಗ ಅದು. ಅರಮನೆಯ ಸಭಾಭವನವೊಂದನ್ನು ಬಿಚ್ಚಿ ತಂದು ಪಾಠಶಾಲೆಯಾಗಿ ನಿಲ್ಲಿಸಿದರು. ನಾರಾ ಅರಮನೆಯ ಕಟ್ಟಡಗಳಲ್ಲಿ ಇಂದಿಗೂ ಉಳಿದಿರುವುದು ಅದೊಂದೇ.

763ರ ಐದನೆಯ ತಿಂಗಳ 6ರಂದು ಜಿಯಾನ್‌ಜೆನ್ ಪಶ್ಚಿಮಕ್ಕೆ ಮುಖ ಮಾಡಿ ಕುಳಿತಲ್ಲೇ ತೀರಿಕೊಂಡರು. ಆ ವರ್ಷದ ವಸಂತದಲ್ಲಿ ಪಾಠಶಾಲೆಯ ತೊಲೆ ಮುರಿದಂತೆ ಕನಸು ಕಂಡ ಶಿಷ್ಯನೊಬ್ಬ ಗುರುವಿನ ಅಂತ್ಯ ಹತ್ತಿರವಾಯಿತೆಂದು ತಿಳಿದು ಅವರ ಮೂರ್ತಿ ಮಾಡಿಸಿದ್ದ. ಅರಗಿನಲ್ಲಿ ಅದ್ದಿದ ನಾರುಬಟ್ಟೆಯನ್ನು ಪದರ ಪದರವಾಗಿ ಹಚ್ಚಿ ಮಾಡಿದ, ಸುಮಾರು 80 ಸೆಂಟಿಮೀಟರ್ ಎತ್ತರದ ಮೂರ್ತಿ. ಮುಚ್ಚಿದ ಕಣ್ಣು, ಕೆನ್ನೆಯ ಮೇಲೆ ಕುರುಚಲು ಗಡ್ಡದ ಗುರುತು. ವ್ಯಕ್ತಿಯೊಬ್ಬನನ್ನು ಇದ್ದಂತೆಯೇ ತೋರಿಸುವ ಶಿಲ್ಪಗಳಲ್ಲಿ ಜಪಾನಿನಲ್ಲಿ ಇದೇ ಅತಿ ಹಳೆಯದು.

ಉಳಿದದ್ದು

ತೋಶೋದಾಯ್‌ಜಿಯ ಮುಖ್ಯ ದೇವಾಲಯವನ್ನು ಗುರು ನೋಡಲಿಲ್ಲ. ಅದನ್ನು ಕಟ್ಟಿಸಿದವನು ಅವರ ಜೊತೆ ಬಂದ ಮಧ್ಯ ಏಷ್ಯಾದ ರುಬಾವ್, ಜಪಾನೀಯರ ಬಾಯಲ್ಲಿ ನ್ಯೋಹೋ. ತೊಲೆಗಳ ಉಂಗುರಗಳನ್ನು ಎಣಿಸಿ ನೋಡಿದಾಗ ಮರ ಕಡಿದದ್ದು 781ರಲ್ಲಿ ಎಂದು ತಿಳಿದುಬಂತು. ಮುಂಭಾಗದ ಎಂಟು ಕಂಬಗಳ ಸಾಲಿನ ಹಿಂದೆ ವೈರೋಚನ ಬುದ್ಧನೂ ಸಹಸ್ರಭುಜ ಅವಲೋಕಿತೇಶ್ವರನೂ ಇದ್ದಾರೆ. ಆ ಅವಲೋಕಿತೇಶ್ವರನಿಗೆ ಇಂದು 953 ತೋಳುಗಳು ಉಳಿದಿವೆ. ಎಂಟನೆಯ ಶತಮಾನದ ಚೀನಾದ ಮರದ ಕಟ್ಟಡಗಳು ಚೀನಾದಲ್ಲೇ ಬಹುತೇಕ ಉರುಳಿಹೋದವು. ಅವುಗಳ ಶೈಲಿ ತಿಳಿಯಬೇಕಾದವರು ನಾರಾಕ್ಕೂ ಬರಬೇಕು.

ಅವರು ತಂದ ಗ್ರಂಥಗಳ ಕಥೆ ಬೇರೆಯೇ ದಾರಿ ಹಿಡಿಯಿತು. ಅವುಗಳಲ್ಲಿ ತಿಯಾನ್‌ತಾಯ್ ಪಂಥದ ಬರಹಗಳೂ ಇದ್ದವು. ಸಾಯ್ಚೊ ಎಂಬ ಯುವ ಭಿಕ್ಷು ಅವನ್ನು ಓದಿ, ಚೀನಾಕ್ಕೂ ಹೋಗಿ ಬಂದು, ಜಪಾನಿನಲ್ಲಿ ತೆಂದಾಯ್ ಪಂಥವನ್ನು ಕಟ್ಟಿದ. ಅವನು ನಾರಾದ 250 ನಿಯಮಗಳ ದೀಕ್ಷೆಯನ್ನು ಬಿಟ್ಟು ಬೋಧಿಸತ್ತ್ವ ಶೀಲವೊಂದೇ ಸಾಕು ಎಂದ. 822ರಲ್ಲಿ ಅವನು ಸತ್ತ ಒಂದು ವಾರದಲ್ಲಿ ಆಸ್ಥಾನ ಅದಕ್ಕೆ ಅಪ್ಪಣೆ ಕೊಟ್ಟಿತು. ಜಪಾನಿನ ಬೌದ್ಧ ಧರ್ಮ ಹೆಚ್ಚಾಗಿ ಸಾಗಿದ್ದು ಸಾಯ್ಚೊ ತೆರೆದ ದಾರಿಯಲ್ಲಿ. ಹಾಗೆಂದು ಜಿಯಾನ್‌ಜೆನ್ ಅವರ ಶ್ರಮ ವ್ಯರ್ಥವೆನ್ನಲಾಗದು. ಭಿಕ್ಷುವಾಗುವುದೆಂದರೆ ಏನು ಎಂಬ ಪ್ರಶ್ನೆಯನ್ನು ಆ ನಾಡು ಗಂಭೀರವಾಗಿ ಚರ್ಚಿಸಿದ್ದು ಅವರು ಬಂದ ಮೇಲೆಯೇ. ಅವರ ವಿನಯ ಪಂಥ ಚಿಕ್ಕದಾಗಿಯಾದರೂ ಇಂದಿಗೂ ಇದೆ, ತೋಶೋದಾಯ್‌ಜಿ ಅದರ ಮೂಲಸ್ಥಾನ.

ಎರಡು ದೇಶಗಳು ಯುದ್ಧದಿಂದಾಗಿ ಪರಸ್ಪರ ದೂರವಾಗಿದ್ದಾಗಲೂ ಈ ಹೆಸರು ಕೆಲಸಕ್ಕೆ ಬಂತು. 1963ರಲ್ಲಿ, ಚೀನಾ ಮತ್ತು ಜಪಾನ್ ನಡುವೆ ಇನ್ನೂ ರಾಜತಾಂತ್ರಿಕ ಸಂಬಂಧವಿಲ್ಲದಾಗ, ಅವರ 1,200ನೆಯ ಪುಣ್ಯತಿಥಿಯನ್ನು ಎರಡೂ ಕಡೆ ಆಚರಿಸಿದರು. ವಾಸ್ತುಶಿಲ್ಪದ ಇತಿಹಾಸಕಾರ ಲಿಯಾಂಗ್ ಸಿಚೆಂಗ್ ತೋಶೋದಾಯ್‌ಜಿಯನ್ನೇ ಮಾದರಿಯಾಗಿಟ್ಟುಕೊಂಡು ದಾಮಿಂಗ್ ವಿಹಾರಕ್ಕೆ ಸ್ಮಾರಕ ಭವನದ ನಕ್ಷೆ ಬರೆದರು, 1973ರಲ್ಲಿ ಅದು ಪೂರ್ಣವಾಯಿತು. 1980ರಲ್ಲಿ ಜಿಯಾನ್‌ಜೆನ್ ಅವರ ಮೂರ್ತಿಯೇ ಯಾಂಗ್‌ಜೌ ಮತ್ತು ಬೀಜಿಂಗ್‌ಗೆ ಹೋಗಿ ಬಂತು.

ಇಷ್ಟೆಲ್ಲ ನಮಗೆ ತಿಳಿದಿರುವುದು ಸಿತುವೊ ಎಂಬ ಶಿಷ್ಯನಿಂದ. ಆರೂ ಪಯಣಗಳಲ್ಲಿ ಗುರುವಿನ ಜೊತೆಗಿದ್ದು ಅವನು ಬರೆದಿಟ್ಟದ್ದನ್ನು ಆಧರಿಸಿ, 779ರಲ್ಲಿ ಓಮಿ ನೊ ಮಿಫುನೆ ಎಂಬ ವಿದ್ವಾಂಸ ಜೀವನಚರಿತ್ರೆ ರಚಿಸಿದ. ಅದರಲ್ಲಿ ಒಂದು ಲೆಕ್ಕವಿದೆ: ಈ ಹನ್ನೆರಡು ವರ್ಷಗಳಲ್ಲಿ ಸತ್ತವರು 36, ಮನಸ್ಸು ಬದಲಿಸಿ ಹಿಂದೆ ಸರಿದವರು 200ಕ್ಕೂ ಹೆಚ್ಚು. ಮೊದಲಿನಿಂದ ಕೊನೆಯವರೆಗೂ ನಿಂತವರು ಜಿಯಾನ್‌ಜೆನ್, ಫುಶೋ, ಸಿತುವೊ ಈ ಮೂವರೇ. ಇತಿಹಾಸ ಜಿಯಾನ್‌ಜೆನ್ ಅವರೊಬ್ಬರ ಛಲವನ್ನು ಕೊಂಡಾಡುತ್ತದೆ. ಆ ಛಲವನ್ನು ಎಬ್ಬಿಸಿದ ಯೋಯೆಯಿ, ಹಸಿ ಅಕ್ಕಿ ಹಂಚಿದ ಫುಶೋ, ನೋಡಿದ್ದನ್ನು ಬರೆದಿಟ್ಟ ಸಿತುವೊ, ಗುರು ಕಾಣದ ದೇವಾಲಯ ಕಟ್ಟಿದ ರುಬಾವ್ ಇವರೆಲ್ಲರ ಹೆಸರೂ ಆ ಜೊತೆಗೆ ಸಲ್ಲಬೇಕು.

ಕೆಲಸಕ್ಕೋ ಪ್ರವಾಸಕ್ಕೋ ಜಪಾನಿಗೆ ಹೋಗುವ ಕನ್ನಡಿಗರು ಈಗ ಕಡಿಮೆಯಿಲ್ಲ. ನಾರಾದಲ್ಲಿ ಮಹಾಬುದ್ಧನನ್ನೂ ಜಿಂಕೆಗಳನ್ನೂ ನೋಡಿ ಅಲ್ಲಿಂದಲೇ ಹಿಂತಿರುಗಬೇಡಿ. ಊರಿನ ಪಶ್ಚಿಮ ಭಾಗದ ತೋಶೋದಾಯ್‌ಜಿಗೂ ಹೋಗಿ ಬನ್ನಿ. ಜಿಯಾನ್‌ಜೆನ್ ಅವರ ಮೂಲ ಮೂರ್ತಿಯನ್ನು ವರ್ಷದಲ್ಲಿ ಕೆಲವೇ ದಿನ, ಜೂನ್ 6ರ ಆಸುಪಾಸಿನಲ್ಲಿ ದರ್ಶನಕ್ಕೆ ತೆರೆಯುತ್ತಾರೆ. ಉಳಿದ ದಿನಗಳಲ್ಲಿ ನೋಡಲು ಸಿಗುವುದು 2013ರಲ್ಲಿ ಮಾಡಿಸಿದ ಪ್ರತಿಮೂರ್ತಿ.